ಜಿಆರ್‌ಇಗೆ ಬೀಜಗಣಿತ: ಎಂಟನೇ ಕ್ಲಾಸಿನಿಂದ ಮತ್ತೆ ಶುರು ಮಾಡಿ

ವಿದೇಶದಲ್ಲಿ ಸ್ನಾತಕೋತ್ತರ ಓದಿಗೆ ಸೇರಲು ಬರೆಯುವ ಪರೀಕ್ಷೆ ಜಿಆರ್‌ಇ. ಅದಕ್ಕೆ ಓದಲು ಕೂತಾಗ ನನಗೆ 29 ವರ್ಷ. ಇಂಜಿನಿಯರಿಂಗ್ ಮುಗಿದು ಏಳು ವರ್ಷವಾಗಿತ್ತು. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ ಹೇಳುವುದಕ್ಕೇ ನನಗೆ ಸಂಬಳ. ಗಣಿತದ ಬಗ್ಗೆ ಭಯವೇನೂ ಇರಲಿಲ್ಲ. ನಾಲ್ಕು ಸೆಮಿಸ್ಟರ್ ಗಣಿತ ಪಾಸು ಮಾಡಿದವಳು, ಇದೇನು ಮಹಾ ಅಂದುಕೊಂಡೆ. ಒಂದು ಭಾನುವಾರ ಬೆಳಗ್ಗೆ ಉಪ್ಪಿಟ್ಟು ತಿಂದು, ಫೋನ್ ಸೈಲೆಂಟ್ ಮಾಡಿ, ಮೊದಲ ಪ್ರಾಕ್ಟೀಸ್ ಟೆಸ್ಟ್ ಬರೆದೆ. ಕ್ವಾಂಟ್‌ನಲ್ಲಿ, ಅಂದರೆ ಗಣಿತದ ಭಾಗದಲ್ಲಿ, 151 ಬಂತು. ಈ ಪರೀಕ್ಷೆಯಲ್ಲಿ ಅಂಕ ಶುರುವಾಗುವುದೇ 130ರಿಂದ, ಮುಗಿಯುವುದು 170ಕ್ಕೆ. ಅಂದರೆ ಅರ್ಧ ದಾರಿಯಲ್ಲೇ ನಿಂತಿದ್ದೆ.

ತಪ್ಪಾದ ಪ್ರಶ್ನೆಗಳನ್ನು ಮತ್ತೆ ತೆಗೆದು ನೋಡಿದಾಗ ನಿಜವಾಗಿ ನಾಚಿಕೆಯಾಯಿತು. ಜಿಆರ್‌ಇಯಲ್ಲಿ ಕ್ಯಾಲ್ಕುಲಸ್ ಇಲ್ಲ, ತ್ರಿಕೋನಮಿತಿಯೂ ಇಲ್ಲ. ಇರುವುದು ಅಂಕಗಣಿತ, ಬೀಜಗಣಿತ, ರೇಖಾಗಣಿತ, ದತ್ತಾಂಶ. ನಾನು ಎಡವಿದ್ದು ಬಹುತೇಕ ಬೀಜಗಣಿತದಲ್ಲಿ. ಅದೂ ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಬೀಜಗಣಿತ. ತಿಪಟೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ, ಕನ್ನಡ ಮೀಡಿಯಂನಲ್ಲಿ, ಬೆಂಚಿನ ಮೇಲೆ ಕೂತು ಕಲಿತದ್ದೇ.

ಆಮೇಲೆ ಒಂದು ಕೋಚಿಂಗ್‌ಗೆ ಸೇರಿದೆ. ಅಲ್ಲಿ ಕೊಟ್ಟದ್ದು ಸೂತ್ರಗಳ ದಪ್ಪ ಪುಸ್ತಿಕೆ. ಎರಡು ವಾರ ಮೆಟ್ರೋದಲ್ಲಿ ನಿಂತುಕೊಂಡು ಉರು ಹೊಡೆದೆ. ಮುಂದಿನ ಟೆಸ್ಟ್‌ನಲ್ಲಿ 152. ಎರಡು ವಾರಕ್ಕೆ ಒಂದು ಅಂಕ! ಪುಸ್ತಿಕೆ ಕಪಾಟಿಗೆ ಹೋಯಿತು. ನಾಲ್ಕು ತಿಂಗಳಾದ ಮೇಲೆ, 2024ರಲ್ಲಿ, ನಿಜವಾದ ಪರೀಕ್ಷೆಯಲ್ಲಿ 164 ಬಂತು. ನಡುವೆ ನಾನು ಏನು ಮಾಡಿದೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ. (ಸೀಟು ಸಿಕ್ಕರೂ ಅಮೆರಿಕಕ್ಕೆ ಹೋಗಲಿಲ್ಲ. ಸಾಲದ ಲೆಕ್ಕ ಕೂಡಿ ಬರಲಿಲ್ಲ. ಅದು ಬೇರೆ ಕಥೆ.) ಈಗ ನಮ್ಮಣ್ಣನ ಮಗಳು ಇದೇ ಪರೀಕ್ಷೆಗೆ ಓದುತ್ತಿದ್ದಾಳೆ. ಪ್ರತಿ ಭಾನುವಾರ ನಮ್ಮ ಮನೆ ಊಟದ ಮೇಜಿನ ಮೇಲೆ ಅವಳ ಪುಸ್ತಕಗಳು ಹರಡಿಕೊಂಡಿರುತ್ತವೆ. ನಾನು ಮಾಡಿದ ತಪ್ಪುಗಳನ್ನೇ ಅವಳೂ ಸಾಲಾಗಿ ಮಾಡುತ್ತಿದ್ದಾಳೆ.

ಪರೀಕ್ಷೆಯ ಬಗ್ಗೆ ಎರಡೇ ಮಾತು. 2023ರ ಸೆಪ್ಟೆಂಬರಿನಿಂದ ಜಿಆರ್‌ಇ ಚಿಕ್ಕದಾಗಿದೆ. ಒಟ್ಟು 1 ಗಂಟೆ 58 ನಿಮಿಷ. ಕ್ವಾಂಟ್‌ನಲ್ಲಿ ಎರಡು ಭಾಗ. ಮೊದಲನೆಯದರಲ್ಲಿ 12 ಪ್ರಶ್ನೆಗೆ 21 ನಿಮಿಷ, ಎರಡನೆಯದರಲ್ಲಿ 15 ಪ್ರಶ್ನೆಗೆ 26 ನಿಮಿಷ. ಮೊದಲ ಭಾಗ ಚೆನ್ನಾಗಿ ಮಾಡಿದರೆ ಎರಡನೆಯದು ಕಷ್ಟದ್ದು ಬರುತ್ತದೆ. ಕಷ್ಟದ್ದು ಬಂದರೆ ಖುಷಿ ಪಡಿ, ಜಾಸ್ತಿ ಅಂಕ ಇರುವುದು ಅಲ್ಲೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಏನನ್ನೂ ಖಾಲಿ ಬಿಡಬೇಡಿ.

ಇನ್ನೊಂದು ವಿಷಯ. ಪರೀಕ್ಷೆಯಲ್ಲಿ ಎಕ್ಸ್, ವೈ ಎಂದೇ ಇರುತ್ತದೆ. ಇಲ್ಲಿ ನಾನು ಅ, ಬ ಎಂದು ಬರೆಯುತ್ತೇನೆ. ಅಕ್ಷರ ಯಾವುದಾದರೇನು? 12ನೇ ಶತಮಾನದ ಭಾಸ್ಕರಾಚಾರ್ಯ ಗೊತ್ತಿಲ್ಲದ ಸಂಖ್ಯೆಗಳಿಗೆ ಕಪ್ಪು, ನೀಲಿ, ಹಳದಿ ಎಂದು ಬಣ್ಣದ ಹೆಸರಿಟ್ಟು ಲೆಕ್ಕ ಮಾಡುತ್ತಿದ್ದ.

ತಪ್ಪಿನ ಪುಸ್ತಕ

ಮೊದಲು ಒಂದು 200 ಪುಟದ ಲಾಂಗ್ ನೋಟ್‌ಬುಕ್ ತನ್ನಿ. ಪ್ರಶ್ನೆ ಬಿಡಿಸುವುದಕ್ಕೆ ಅದನ್ನು ಬಳಸಬೇಡಿ, ಅದಕ್ಕೆ ಬೇರೆ ರಫ್ ಹಾಳೆ ಇರಲಿ. ಇದರಲ್ಲಿ ತಪ್ಪುಗಳು ಮಾತ್ರ.

ಆಫೀಸಿನಲ್ಲಿ ನಾವು ಬಗ್, ಅಂದರೆ ಸಾಫ್ಟ್‌ವೇರಿನಲ್ಲಿ ಸಿಕ್ಕ ತಪ್ಪನ್ನು, ಬರೆದು ಕಳಿಸುವ ರೀತಿ ಒಂದಿದೆ. ಏನು ಮಾಡಿದೆ, ಏನು ಬರಬೇಕಿತ್ತು, ಏನು ಬಂತು. ‘ಕೆಲಸ ಮಾಡ್ತಿಲ್ಲ’ ಎಂದಷ್ಟೇ ಬರೆದರೆ ಡೆವಲಪರ್ ವಾಪಸ್ ಕಳಿಸುತ್ತಾನೆ. ನನ್ನ ಲೆಕ್ಕದ ತಪ್ಪಿಗೂ ಇದೇ ರೀತಿ ಯಾಕೆ ಬರೆಯಬಾರದು ಅನ್ನಿಸಿತು. ಪ್ರತಿ ತಪ್ಪಿಗೆ ಅರ್ಧ ಪುಟ. ಪ್ರಶ್ನೆ, ನಾನು ಬರೆದ ಸಾಲುಗಳು ಹಾಗೇ, ಜಾರಿದ ಸಾಲಿಗೆ ಕೆಂಪು ಗೆರೆ, ಪಕ್ಕದಲ್ಲಿ ಒಂದು ಪದ. ಆ ಪದ ನಾಲ್ಕರಲ್ಲಿ ಒಂದೇ ಆಗಿರಬೇಕು: ಚಿಹ್ನೆ, ಸೊನ್ನೆ, ಓದು, ಗೊತ್ತಿಲ್ಲ.

‘ಸಿಲ್ಲಿ ಮಿಸ್ಟೇಕ್’ ಎಂದು ಬರೆಯುವ ಹಾಗಿಲ್ಲ. ಈ ನಿಯಮ ನಮ್ಮ ಹುಡುಗಿಗೆ ಇವತ್ತಿಗೂ ಇಷ್ಟವಿಲ್ಲ. ‘ಅತ್ತೆ, ಇದು ನಿಜವಾಗಲೂ ಸಿಲ್ಲಿ, ಬರೆಯೋದು ಬೇಡ’ ಅನ್ನುತ್ತಾಳೆ. ಅದೇ ತಪ್ಪು ಐದು ಸಲ ಆದರೆ ಅದಕ್ಕೆ ಸಿಲ್ಲಿ ಅನ್ನುತ್ತಾರೇನೇ, ಅದು ಅಭ್ಯಾಸ ಎಂದು ನಾನು ಬರೆಸುತ್ತೇನೆ.

ನನ್ನ ಮೊದಲ ಎಪ್ಪತ್ತು ತಪ್ಪುಗಳಲ್ಲಿ ‘ಗೊತ್ತಿಲ್ಲ’ ಬಂದದ್ದು ಎಂಟೋ ಒಂಬತ್ತೋ ಕಡೆ. ಮಿಕ್ಕದ್ದೆಲ್ಲ ಚಿಹ್ನೆ, ಸೊನ್ನೆ, ಓದು. ಸೂತ್ರದ ಪುಸ್ತಿಕೆ ಯಾಕೆ ಕೆಲಸಕ್ಕೆ ಬರಲಿಲ್ಲ ಎಂಬುದು ಆಗ ಹೊಳೆಯಿತು. ನನಗೆ ಸೂತ್ರ ಕಡಿಮೆ ಇರಲಿಲ್ಲ.

ಚಿಹ್ನೆ

ಈ ಸಣ್ಣ ಸಮೀಕರಣ ನೋಡಿ:

7 − 2(ಅ − 4) = 3

ನಾನು ಅವಸರದಲ್ಲಿ ಬರೆದದ್ದು 7 − 2ಅ − 8 = 3. ಉತ್ತರ ಅ = −2. ಆಯ್ಕೆಗಳಲ್ಲಿ −2 ಇತ್ತು. ಪ್ರಶ್ನೆ ತಯಾರಿಸುವವರಿಗೆ ನಾವು ಎಲ್ಲಿ ಜಾರುತ್ತೇವೆ ಎಂಬುದು ಚೆನ್ನಾಗಿ ಗೊತ್ತು. ಉತ್ತರ ಆಯ್ಕೆಗಳಲ್ಲಿ ಸಿಕ್ಕಿತು ಎಂದು ಸಮಾಧಾನ ಪಡಬೇಡಿ.

ಸರಿಯಾದದ್ದು 7 − 2ಅ + 8 = 3. ಅಂದರೆ 15 − 2ಅ = 3, ಅ = 6. ಆವರಣದ ಮುಂದೆ ಮೈನಸ್ ಇದ್ದರೆ ಅದು ಒಳಗಿರುವ ಪ್ರತಿಯೊಂದಕ್ಕೂ ತಗಲುತ್ತದೆ. ಇದು ಎಲ್ಲರಿಗೂ ಗೊತ್ತು, ಅಲ್ವಾ? ನನಗೂ ಗೊತ್ತಿತ್ತು. ತೊಂದರೆ ಏನೆಂದರೆ ಎರಡು ಹೆಜ್ಜೆಯನ್ನು ತಲೆಯಲ್ಲೇ ಮಾಡಿ ಒಂದೇ ಸಾಲು ಬರೆಯುತ್ತಿದ್ದೆ. ಹಾಗಾಗಿ ಒಂದು ಕಟ್ಟುನಿಟ್ಟು ಮಾಡಿಕೊಂಡೆ. ಒಂದು ಸಾಲಿನಲ್ಲಿ ಒಂದೇ ಬದಲಾವಣೆ. ಆವರಣ ಬಿಡಿಸಿದರೆ ಆ ಸಾಲಿನಲ್ಲಿ ಅಷ್ಟೇ, ಕೂಡುವುದು ಮುಂದಿನ ಸಾಲಿನಲ್ಲಿ. ಸಮ ಚಿಹ್ನೆ ಒಂದರ ಕೆಳಗೆ ಒಂದು. ಹೈಸ್ಕೂಲಿನಲ್ಲಿ ಮೇಷ್ಟ್ರು ಹೀಗೆ ಬರೆಯದಿದ್ದರೆ ಅರ್ಧ ಅಂಕ ಕಿತ್ತುಕೊಳ್ಳುತ್ತಿದ್ದರು. ಆಗ ಬೈದುಕೊಂಡಿದ್ದೆ.

ಇದರಿಂದ ತಡವಾಗುತ್ತದೆ ಅನ್ನಿಸುತ್ತದೆ. ಗಡಿಯಾರ ಇಟ್ಟು ನೋಡಿ, ಒಂದು ಲೆಕ್ಕಕ್ಕೆ ಹತ್ತು ಸೆಕೆಂಡ್ ಜಾಸ್ತಿ ಹಿಡಿಯಬಹುದು. ತಪ್ಪು ಮಾಡಿ ಮೊದಲಿನಿಂದ ಬಿಡಿಸಿದರೆ ಒಂದೂವರೆ ನಿಮಿಷ ಹೋಗುತ್ತದೆ.

ಕೊನೆಯಲ್ಲಿ ಉತ್ತರವನ್ನು ಮೂಲ ಸಮೀಕರಣಕ್ಕೆ ಹಾಕಿ ನೋಡಿ. 7 − 2(6 − 4) = 7 − 4 = 3. ಐದು ಸೆಕೆಂಡಿನ ಕೆಲಸ. −2 ಹಾಕಿದ್ದರೆ 19 ಬರುತ್ತಿತ್ತು, ಅಲ್ಲೇ ಸಿಕ್ಕಿಬೀಳುತ್ತಿದ್ದೆ.

ಚಿಹ್ನೆಯದ್ದೇ ಇನ್ನೊಂದು ಕಾಟ ಅಸಮತೆ. −3ಅ < 12 ಅನ್ನು −3ರಿಂದ ಭಾಗಿಸಿದರೆ ಚಿಹ್ನೆ ತಿರುಗಿ ಅ > −4 ಆಗುತ್ತದೆ. ನಿಯಮ ಎಲ್ಲರೂ ಹೇಳುತ್ತಾರೆ, ಯಾಕೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಕನ್ನಡದಲ್ಲಿ ಮೈನಸ್ ಸಂಖ್ಯೆಗೆ ಋಣ ಸಂಖ್ಯೆ ಅನ್ನುತ್ತೇವೆ. ಋಣ ಅಂದರೆ ಸಾಲ. ನಿಮ್ಮ ಹತ್ತಿರ 2 ರೂಪಾಯಿ, ನನ್ನ ಹತ್ತಿರ 5 ರೂಪಾಯಿ ಇದ್ದರೆ ನಾನು ಮೇಲು. ಅದೇ ದುಡ್ಡು ಸಾಲವಾದರೆ? 5 ರೂಪಾಯಿ ಸಾಲ ಇರುವ ನಾನು ಕೆಳಗೆ, 2 ರೂಪಾಯಿ ಸಾಲದ ನೀವು ಮೇಲೆ. 2 < 5, ಆದರೆ −2 > −5. ಇಷ್ಟು ಹೇಳಿದ ಮೇಲೆ ನಮ್ಮ ಹುಡುಗಿ ಈ ತಪ್ಪು ಮತ್ತೆ ಮಾಡಿಲ್ಲ.

ಇದರ ಮುಂದಿನ ಮೆಟ್ಟಿಲು ಸ್ವಲ್ಪ ಮೋಸದ್ದು. 1/ಅ < 1 ಎಂದು ಕೊಟ್ಟರೆ ಎರಡೂ ಕಡೆ ಅ ಇಂದ ಗುಣಿಸಿ ಅ > 1 ಎಂದು ಬರೆಯುವ ಆಸೆ ಆಗುತ್ತದೆ. ಅ ಧನವೋ ಋಣವೋ ಗೊತ್ತಿಲ್ಲದೆ ಗುಣಿಸುವ ಹಾಗಿಲ್ಲ. ಅ = −3 ಹಾಕಿ ನೋಡಿ: −⅓ ಕೂಡ 1ಕ್ಕಿಂತ ಕಡಿಮೆಯೇ. ಹಾಗಾಗಿ ಎಲ್ಲ ಋಣ ಸಂಖ್ಯೆಗಳೂ ಇಲ್ಲಿ ನಡೆಯುತ್ತವೆ.

ಸೊನ್ನೆ

ನಾನು ಅತಿ ಹೆಚ್ಚು ಅಂಕ ಕಳೆದುಕೊಂಡದ್ದು ಇದರಲ್ಲಿ. ಜಿಆರ್‌ಇಯಲ್ಲಿ ಹೋಲಿಕೆಯ ಪ್ರಶ್ನೆಗಳು ಬರುತ್ತವೆ. ಎರಡು ಪ್ರಮಾಣ ಕೊಟ್ಟಿರುತ್ತಾರೆ. ಮೊದಲನೆಯದು ದೊಡ್ಡದೋ, ಎರಡನೆಯದು ದೊಡ್ಡದೋ, ಎರಡೂ ಸಮವೋ, ಇಲ್ಲ ಕೊಟ್ಟ ಮಾಹಿತಿಯಿಂದ ಹೇಳಲು ಆಗುವುದಿಲ್ಲವೋ ಎಂದು ಆರಿಸಬೇಕು. ಆಯ್ಕೆ ಯಾವಾಗಲೂ ಈ ನಾಲ್ಕೇ, ಕ್ರಮವೂ ಇದೇ.

ಕೊಟ್ಟಿರುವುದು: ಅ² = 5ಅ. ಮೊದಲ ಪ್ರಮಾಣ ಅ, ಎರಡನೆಯದು 4.

ನಾನು ಎರಡೂ ಕಡೆ ಅ ಹೊಡೆದುಹಾಕಿದೆ. ಅ = 5. ಐದು ನಾಲ್ಕಕ್ಕಿಂತ ದೊಡ್ಡದು. ಮೊದಲನೆಯದು ದೊಡ್ಡದು ಎಂದು ಒತ್ತಿ ಮುಂದಕ್ಕೆ ಹೋದೆ. ಇಪ್ಪತ್ತು ಸೆಕೆಂಡಿನಲ್ಲಿ ಮುಗಿಸಿದೆ ಎಂಬ ಹೆಮ್ಮೆ ಬೇರೆ.

ಹೊಡೆದುಹಾಕುವುದು ಅಂದರೆ ಭಾಗಿಸುವುದು. ಅ ಸೊನ್ನೆ ಆಗಿದ್ದರೆ ಭಾಗಿಸುವ ಹಾಗೇ ಇಲ್ಲ. ಮತ್ತು ಇಲ್ಲಿ ಅ ಸೊನ್ನೆ ಆಗಬಹುದು, 0 = 0 ಸರಿಯಾಗಿಯೇ ಇದೆ. ಎಲ್ಲವನ್ನೂ ಒಂದು ಕಡೆಗೆ ತನ್ನಿ: ಅ² − 5ಅ = 0, ಅ(ಅ − 5) = 0. ಅ ಸೊನ್ನೆ ಅಥವಾ ಐದು. ಸೊನ್ನೆ ಆದರೆ 4 ದೊಡ್ಡದು, ಐದಾದರೆ ಅ ದೊಡ್ಡದು. ಉತ್ತರ: ಹೇಳಲು ಆಗುವುದಿಲ್ಲ.

ಅಂದಿನಿಂದ ಅಕ್ಷರವನ್ನು ಹೊಡೆದುಹಾಕುವ ಮುಂಚೆ ‘ಇದು ಸೊನ್ನೆ ಆಗಬಹುದಾ?’ ಎಂದು ಬಾಯಿ ಬಿಟ್ಟು ಕೇಳಿಕೊಳ್ಳುತ್ತೇನೆ. ಪರೀಕ್ಷಾ ಕೇಂದ್ರದಲ್ಲಿ ಮಾತ್ರ ಮನಸ್ಸಿನಲ್ಲಿ.

ಇದೇ ಜಾತಿಯ ಇನ್ನೊಂದು: ಅ² = 49 ಆದರೆ ಅ 7 ಅಥವಾ −7. ಆದರೆ √49 ಎಂದು ಚಿಹ್ನೆ ಹಾಕಿ ಕೊಟ್ಟರೆ ಅದು 7 ಮಾತ್ರ. ಸಮೀಕರಣಕ್ಕೆ ಎರಡು ಉತ್ತರ, ಚಿಹ್ನೆಗೆ ಒಂದೇ. ಇನ್ನು √−49? ಜಿಆರ್‌ಇಯಲ್ಲಿ ಬರುವುದೆಲ್ಲ ವಾಸ್ತವ ಸಂಖ್ಯೆಗಳು, ಅಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎಂದು ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲೇ, ಗಣಿತಜ್ಞ ಮಹಾವೀರಾಚಾರ್ಯ ಬರೆದಿಟ್ಟಿದ್ದಾನೆ. ಈ ಮಾತು ಗೊತ್ತಾದಾಗ ಯಾಕೋ ಮನೆಯವರು ಯಾರೋ ಹೇಳಿದಷ್ಟು ಹತ್ತಿರವಾಯಿತು.

ಹೋಲಿಕೆಯ ಪ್ರಶ್ನೆಗೆ ಒಂದು ಉಪಾಯ. ಅಕ್ಷರಕ್ಕೆ ಸಂಖ್ಯೆ ಹಾಕಿ ನೋಡುವಾಗ ನಾವೆಲ್ಲ 2, 3 ಎಂದೇ ಶುರು ಮಾಡುತ್ತೇವೆ. ಅವು ಒಳ್ಳೆ ಮಕ್ಕಳು, ಏನೂ ಗಲಾಟೆ ಮಾಡುವುದಿಲ್ಲ. ಗಲಾಟೆ ಮಾಡುವವರನ್ನು ಕರೆಯಿರಿ: 0, 1, −1, ½, −½, 100. ಉದಾಹರಣೆಗೆ ಅ² ಮತ್ತು ಅ³, ಯಾವುದು ದೊಡ್ಡದು? 2 ಹಾಕಿದರೆ 4 ಮತ್ತು 8, ಎರಡನೆಯದು ದೊಡ್ಡದು. ½ ಹಾಕಿದರೆ ¼ ಮತ್ತು ⅛, ಮೊದಲನೆಯದು ದೊಡ್ಡದು. ಎರಡು ಥರ ಉತ್ತರ ಬಂದ ಕೂಡಲೇ ನಿಲ್ಲಿಸಿ. ಕೆಲಸ ಮುಗಿಯಿತು. ಆದರೆ ಪ್ರಶ್ನೆಯಲ್ಲಿ ಅ < 0 ಎಂದು ಕೊಟ್ಟಿದ್ದರೆ ಲೆಕ್ಕವೇ ಬೇಡ, ವರ್ಗ ಯಾವಾಗಲೂ ಧನ, ಘನ ಯಾವಾಗಲೂ ಋಣ.

ಓದು: ಕನ್ನಡದಲ್ಲಿ ಹೇಳಿಕೊಳ್ಳಿ

ಕನ್ನಡ ಮೀಡಿಯಂನವರಿಗೆ ಜಿಆರ್‌ಇ ಅಂದರೆ ಮೊದಲ ಭಯ ಇಂಗ್ಲಿಷ್. ವಾಕ್ಯದ ಲೆಕ್ಕಗಳಲ್ಲಿ ಕನ್ನಡವೇ ನನ್ನ ಕೈ ಹಿಡಿಯಿತು ಅಂದರೆ ನಂಬುತ್ತೀರಾ?

‘ಫೈವ್ ಲೆಸ್ ದ್ಯಾನ್ ಟ್ವೈಸ್ ಎ ನಂಬರ್’ ಎಂದು ಪ್ರಶ್ನೆಯಲ್ಲಿ ಇರುತ್ತದೆ. ಕಣ್ಣಿಗೆ ಮೊದಲು ಬೀಳುವುದು ಫೈವ್. ಕೈ ತಾನಾಗಿ 5 − 2ಅ ಎಂದು ಬರೆಯುತ್ತದೆ. ತಪ್ಪು. ಈಗ ಅದನ್ನೇ ಕನ್ನಡದಲ್ಲಿ ಹೇಳಿ: ‘ಒಂದು ಸಂಖ್ಯೆಯ ಎರಡರಷ್ಟಕ್ಕಿಂತ ಐದು ಕಡಿಮೆ.’ ಸಂಖ್ಯೆ, ಅದರ ಎರಡರಷ್ಟು, ಅದರಿಂದ ಐದು ಕಡಿಮೆ. 2ಅ − 5. ನಮ್ಮ ಮಾತಿನ ಕ್ರಮದಲ್ಲೇ ಸರಿಯಾದ ಉತ್ತರ ಸಾಲಾಗಿ ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ಬಾಲದಲ್ಲಿರುವುದು ಕನ್ನಡದಲ್ಲಿ ಮೊದಲು ಬರುತ್ತದೆ, ಅದೇ ಇಲ್ಲಿ ಲಾಭ.

ನಮ್ಮ ಹುಡುಗಿ ಓದಿದ್ದು ಇಂಗ್ಲಿಷ್ ಮೀಡಿಯಂ. ಅವಳಿಗೂ ‘ಮನೇಲಿ ಮಾತಾಡೋ ಹಾಗೆ ಹೇಳು ನೋಡೋಣ’ ಅಂದೆ. ಮೊದಲು ನಕ್ಕಳು. ಈಗ ಪ್ರಶ್ನೆ ಓದುವಾಗ ತುಟಿ ಅಲ್ಲಾಡುತ್ತಿರುತ್ತದೆ.

ಆದರೆ ಕನ್ನಡವೂ ಒಂದು ಕಡೆ ಕೈಕೊಡುತ್ತದೆ. ‘ಒಬ್ಬ ಮೇಷ್ಟ್ರಿಗೆ ಆರು ವಿದ್ಯಾರ್ಥಿಗಳು.’ ವಿದ್ಯಾರ್ಥಿಗಳ ಸಂಖ್ಯೆ ಅ, ಮೇಷ್ಟ್ರುಗಳ ಸಂಖ್ಯೆ ಬ. ಬಹಳ ಜನ 6ಅ = ಬ ಎಂದು ಬರೆಯುತ್ತಾರೆ, ಆರು ವಿದ್ಯಾರ್ಥಿಗೆ ಒಬ್ಬ ಮೇಷ್ಟ್ರು ಎಂದು ಓದಿಕೊಂಡು. ಅ ಅಂದರೆ ವಿದ್ಯಾರ್ಥಿ ಅಲ್ಲ, ವಿದ್ಯಾರ್ಥಿಗಳ ಎಣಿಕೆ. ಹತ್ತು ಜನ ಮೇಷ್ಟ್ರು ಇದ್ದರೆ ಅರವತ್ತು ವಿದ್ಯಾರ್ಥಿಗಳು. ಅ = 60, ಬ = 10. ಸರಿ ಇರುವುದು ಅ = 6ಬ. ಸಮೀಕರಣ ಬರೆದ ಮೇಲೆ ಹೀಗೆ ನಿಜವಾದ ಎರಡು ಸಂಖ್ಯೆ ಹಾಕಿ ಒಂದು ಸಲ ತಟ್ಟಿ ನೋಡಿ, ತೆಂಗಿನಕಾಯಿ ತಟ್ಟಿ ನೋಡುವ ಹಾಗೆ.

ಮಿಶ್ರಣದ ಲೆಕ್ಕ ಅಂದರೆ ಅವಳಿಗೆ ತಲೆನೋವು. ಪುಸ್ತಕದಲ್ಲಿ ಯಾವುದೋ ಆಮ್ಲ, ಯಾವುದೋ ದ್ರಾವಣ. ನಾನು ಅಡುಗೆಮನೆಯಿಂದ ಕಾಫಿ ಪುಡಿ ಡಬ್ಬಿ ತಂದು ಮೇಜಿನ ಮೇಲಿಟ್ಟೆ. ಕಾಫಿ ಪುಡಿ ಕೆಜಿಗೆ 700 ರೂಪಾಯಿ, ಚಿಕೋರಿ 200 ರೂಪಾಯಿ ಅಂತ ಇಟ್ಟುಕೋ. ಅಂಗಡಿಯವನು ಎರಡನ್ನೂ ಬೆರೆಸಿ ಕೆಜಿಗೆ 600ರ ಲೆಕ್ಕದಲ್ಲಿ 5 ಕೆಜಿ ಮಾಡಬೇಕು. ಕಾಫಿ ಎಷ್ಟು ಹಾಕಬೇಕು?

ಕಾಫಿ ಅ ಕೆಜಿ. ಅವಳು ಚಿಕೋರಿಗೆ ಬ ಎಂದು ಬರೆಯಲು ಹೊರಟಳು. ಬೇಡ, ಒಟ್ಟು 5 ಕೆಜಿ ಅಲ್ವಾ, ಚಿಕೋರಿ 5 − ಅ. ಅಕ್ಷರ ಒಂದು ಕಡಿಮೆಯಾದರೆ ತಪ್ಪುವ ಜಾಗವೂ ಒಂದು ಕಡಿಮೆ.

700ಅ + 200(5 − ಅ) = 5 × 600
700ಅ + 1000 − 200ಅ = 3000
500ಅ = 2000
ಅ = 4

ನಾಲ್ಕು ಕೆಜಿ ಕಾಫಿ, ಒಂದು ಕೆಜಿ ಚಿಕೋರಿ. ‘ಅಯ್ಯೋ, ಏಯ್ಟಿ ಟ್ವೆಂಟಿ!’ ಅಂದಳು. ಹೌದು, ನಮ್ಮ ಮನೆಗೆ ತರುವುದೇ 80:20. ಆಮೇಲೆ ಇನ್ನೊಂದು ದಾರಿ ತೋರಿಸಿದೆ. 600 ಎಂಬುದು 700ರಿಂದ 100 ದೂರ, 200ರಿಂದ 400 ದೂರ. ಯಾವುದಕ್ಕೆ ಹತ್ತಿರವೋ ಅದು ಜಾಸ್ತಿ ಬೇಕು. 4ಕ್ಕೆ 1. ಮುಗಿಯಿತು. ಆದರೆ ಮೊದಲ ದಾರಿ ನಿದ್ದೆಯಲ್ಲೂ ಬರುವ ತನಕ ಎರಡನೆಯದನ್ನು ಬಳಸಬೇಡ ಎಂದೂ ಹೇಳಿದೆ. ಅಡ್ಡದಾರಿ ಹಿಡಿದು ಊರೇ ತಪ್ಪಿದವಳು ನಾನು.

‘ಓದು’ ಎಂಬ ಹೆಸರಿನಡಿ ಬರುವ ಇನ್ನೊಂದು ತಪ್ಪು, ಕೇಳಿದ್ದನ್ನು ಬಿಟ್ಟು ಬೇರೆ ಹೇಳುವುದು. 2ಅ + 6 = 20 ಆದರೆ ಅ + 3 ಎಷ್ಟು? ನಾವು ಅ = 7 ಎಂದು ಕಂಡುಹಿಡಿದು, ಆಯ್ಕೆಯಲ್ಲಿ 7 ಕಂಡು, ಒತ್ತಿಬಿಡುತ್ತೇವೆ. ಬೇಕಾದದ್ದು 10. ಎರಡೂ ಕಡೆ ಎರಡರಿಂದ ಭಾಗಿಸಿದ್ದರೆ ಅ ಗೊಡವೆಯೇ ಬೇಕಿರಲಿಲ್ಲ. ಅದಕ್ಕೇ ರಫ್ ಹಾಳೆಯಲ್ಲಿ ಮೊದಲ ಸಾಲು ‘ಬೇಕು: ಅ + 3’ ಎಂದಿರಲಿ. ಇದು ಕೆಲವು ಕಡೆ ಭಾರೀ ಕೆಲಸ ಉಳಿಸುತ್ತದೆ.

3ಅ + 5ಬ = 31
5ಅ + 3ಬ = 33
ಬೇಕು: ಅ + ಬ

ಶಾಲೆಯಲ್ಲಿ ಕಲಿತ ಹಾಗೆ ವರ್ಜಿಸುವ ವಿಧಾನದಲ್ಲಿ ಹೋದರೆ ಅ = 4.5, ಬ = 3.5 ಬರುತ್ತದೆ, ಕೈ ನೋಯುತ್ತದೆ. ಬೇಕಾದದ್ದು ಮೊತ್ತ ಮಾತ್ರ. ಎರಡನ್ನೂ ಕೂಡಿ: 8ಅ + 8ಬ = 64. ಅ + ಬ = 8.

ಉರು ಹೊಡೆಯಬೇಕಾದದ್ದು

ಸೂತ್ರವೇ ಬೇಡ ಎಂದು ನಾನು ಹೇಳುತ್ತಿಲ್ಲ. ಒಂದು ಪೋಸ್ಟ್‌ಕಾರ್ಡಿನಲ್ಲಿ ಹಿಡಿಸುವಷ್ಟು ಸಾಕು. ಎಂಟು, ಒಂಬತ್ತನೇ ಕ್ಲಾಸಿನ ನಿತ್ಯಸಮೀಕರಣಗಳು ಮೂರು: (ಅ + ಬ)², (ಅ − ಬ)², ಮತ್ತು ಅ² − ಬ² = (ಅ + ಬ)(ಅ − ಬ). ಘಾತಾಂಕದ ನಿಯಮಗಳು ಐದಾರು. ವರ್ಗ ಸಮೀಕರಣದ ಸೂತ್ರ. 20ರವರೆಗೆ ವರ್ಗ, 10ರವರೆಗೆ ಘನ. ಇಷ್ಟೇ.

ಇವನ್ನು ಎರಡೂ ದಿಕ್ಕಿನಲ್ಲಿ ಗುರುತಿಸಲು ಬರಬೇಕು. ಅ² − ಬ² = 48, ಅ − ಬ = 4 ಎಂದು ಕಂಡ ಕೂಡಲೇ ಅ + ಬ = 12 ಎಂದು ಹೊಳೆಯಬೇಕು. ಅ + ಬ = 10, ಅಬ = 21 ಎಂದರೆ ಅ² + ಬ² = 100 − 42 = 58, ಅ ಬ ಬಿಡಿಸದೆಯೇ. 103 × 97 ಕಂಡರೆ ಕ್ಯಾಲ್ಕುಲೇಟರ್ ಕಡೆ ಕೈ ಹೋಗಬಾರದು: 10000 − 9 = 9991.

ಘಾತಾಂಕದಲ್ಲಿ ನಮ್ಮ ಹುಡುಗಿ ಮಾಡಿದ ತಪ್ಪು ಬರೆಯಲೇಬೇಕು. 3¹² − 3¹¹ ಎಷ್ಟು ಎಂದರೆ 3 ಎಂದು ಬರೆದಿದ್ದಳು, ಘಾತಗಳನ್ನು ಕಳೆದು. ಘಾತ ಕಳೆಯುವುದು ಭಾಗಿಸುವಾಗ. ಕಳೆಯುವಾಗ ಎರಡರಲ್ಲೂ ಇರುವುದನ್ನು ಹೊರಗೆ ತೆಗೆಯಬೇಕು: 3¹¹(3 − 1) = 2 × 3¹¹. ‘ಹನ್ನೆರಡು ಲಕ್ಷದಿಂದ ಹನ್ನೊಂದು ಲಕ್ಷ ಕಳೆದರೆ ಒಂದು ಲಕ್ಷ ಅಲ್ವಾ ಅತ್ತೆ?’ ಎಂದು ವಾದ ಮಾಡಿದಳು. ಅಲ್ಲಿ ಲಕ್ಷವೇ ಹೊರಗೆ ಬಂದದ್ದು ಕಣೇ, ಇಲ್ಲಿ ಹೊರಗೆ ಬರುವುದು 3¹¹, ಎಂದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ.

ಅಪವರ್ತನವನ್ನು ಮಾತ್ರ ದಿನಾ ಐದು ಮಾಡಿ, ಹಲ್ಲುಜ್ಜುವ ಹಾಗೆ. ಅ² − 5ಅ − 24 = 0. ಗುಣಿಸಿದರೆ −24, ಕೂಡಿದರೆ −5 ಬರುವ ಜೋಡಿ ಯಾವುದು? −8 ಮತ್ತು 3. ಹಾಗಾಗಿ (ಅ − 8)(ಅ + 3) = 0, ಮೂಲಗಳು 8 ಮತ್ತು −3. ಆವರಣದೊಳಗಿನ ಚಿಹ್ನೆ, ಮೂಲದ ಚಿಹ್ನೆ ಉಲ್ಟಾ. ನನ್ನ ಪುಸ್ತಕದಲ್ಲಿ ಇದಕ್ಕೆ ಎಷ್ಟು ಕೆಂಪು ಗೆರೆ ಇವೆಯೋ ಲೆಕ್ಕವಿಲ್ಲ.

ನಿರಪೇಕ್ಷ ಬೆಲೆ ಬಂದರೆ ದೂರ ಎಂದು ಓದಿ. |ಅ − 3| < 5 ಅಂದರೆ 3ನೇ ಮೈಲಿಗಲ್ಲಿನಿಂದ ಅ ಇರುವ ದೂರ 5ಕ್ಕಿಂತ ಕಡಿಮೆ. ಹಿಂದಕ್ಕೆ −2, ಮುಂದಕ್ಕೆ 8. ಅ ಇವೆರಡರ ನಡುವೆ.

ಯಾವಾಗ, ಎಷ್ಟು ಹೊತ್ತು

ನಾನು ಬೆಳಗ್ಗೆ ಐದೂವರೆಗೆ ಎದ್ದು ಮುಕ್ಕಾಲು ಗಂಟೆ ಕೂರುತ್ತಿದ್ದೆ. ರಾತ್ರಿ ಆಫೀಸು ಮುಗಿಸಿ ಕೂತರೆ ಮೈನಸ್ ಪ್ಲಸ್ ಎಲ್ಲ ಒಂದೇ ಥರ ಕಾಣುತ್ತಿತ್ತು. ಮೊದಲ ಮೂರು ವಾರ ಗಡಿಯಾರವೇ ಇಲ್ಲ. ದಿನಕ್ಕೆ ಹತ್ತು ಪ್ರಶ್ನೆ, ಒಂದು ಸಾಲಿಗೆ ಒಂದು ಬದಲಾವಣೆ, ತಪ್ಪನ್ನು ಪುಸ್ತಕಕ್ಕೆ ಏರಿಸುವುದು. ಶನಿವಾರ ಹೊಸ ಪ್ರಶ್ನೆ ಇಲ್ಲ, ವಾರದ ತಪ್ಪುಗಳನ್ನು ಉತ್ತರ ಮುಚ್ಚಿಟ್ಟು ಮತ್ತೆ ಬಿಡಿಸುವುದು. ಮತ್ತೆ ತಪ್ಪಾದರೆ ಪಕ್ಕದಲ್ಲಿ ಚುಕ್ಕೆ. ಮೂರು ಚುಕ್ಕೆ ಬಿದ್ದ ಲೆಕ್ಕವನ್ನು ಚೀಟಿಯಲ್ಲಿ ಬರೆದು ಅಡುಗೆಮನೆಯ ಫ್ರಿಜ್ ಮೇಲೆ ಅಂಟಿಸುತ್ತಿದ್ದೆ. ಅ² = 5ಅ ಅಲ್ಲಿ ಎರಡು ತಿಂಗಳು ಇತ್ತು. ನಮ್ಮಮ್ಮ ಅದನ್ನು ಯಾವುದೋ ಹಾಲಿನ ಲೆಕ್ಕ ಅಂದುಕೊಂಡಿದ್ದರು.

ನಾಲ್ಕನೇ ವಾರದಿಂದ ಗಡಿಯಾರ. 27 ಪ್ರಶ್ನೆಗೆ 47 ನಿಮಿಷ ಅಂದರೆ ಒಂದಕ್ಕೆ ಸುಮಾರು ಒಂದು ಮುಕ್ಕಾಲು ನಿಮಿಷ. ಎರಡು ನಿಮಿಷ ದಾಟಿದರೆ ಗುರುತು ಹಾಕಿ ಮುಂದಕ್ಕೆ ಹೋಗುವುದನ್ನೂ ಅಭ್ಯಾಸ ಮಾಡಬೇಕು. ಒಂದೇ ಭಾಗದೊಳಗೆ ಹಿಂದಕ್ಕೆ ಬರಲು ಅವಕಾಶವಿದೆ. ನನ್ನಂಥ ಹಟಮಾರಿಗಳಿಗೆ ಲೆಕ್ಕ ಬಿಟ್ಟು ಹೋಗುವುದೇ ಎಲ್ಲಕ್ಕಿಂತ ಕಷ್ಟ.

ಪರದೆಯ ಮೇಲೆ ಕ್ಯಾಲ್ಕುಲೇಟರ್ ಇರುತ್ತದೆ. ಮೌಸಿನಲ್ಲಿ ಒಂದೊಂದೇ ಗುಂಡಿ ಒತ್ತುತ್ತ ಕೂತರೆ ಸಮಯ ಹೋಗುತ್ತದೆ. ದೊಡ್ಡ ಭಾಗಾಕಾರಕ್ಕೆ ಮಾತ್ರ ಇಟ್ಟುಕೊಳ್ಳಿ. ಕೇಂದ್ರದಲ್ಲಿ ಬರೆದರೆ ರಫ್ ಹಾಳೆ ಕೊಡುತ್ತಾರೆ. ಮನೆಯಿಂದ ಬರೆಯುವವರಿಗೆ ಕಾಗದ ಇಲ್ಲ, ಅಳಿಸುವ ಸಣ್ಣ ವೈಟ್‌ಬೋರ್ಡಿನಂಥದ್ದು ಬೇಕು. ಮನೆಯಿಂದ ಬರೆಯುವುದಾದರೆ ಆ ಬೋರ್ಡನ್ನು ಒಂದು ತಿಂಗಳು ಮೊದಲೇ ತಂದು ಅದರಲ್ಲೇ ಬಿಡಿಸಿ. ದಪ್ಪ ಪೆನ್ನಿನಲ್ಲಿ ಮೈನಸ್ ಚಿಹ್ನೆ ಅಳಿಸಿಹೋದದ್ದೂ ಗೊತ್ತಾಗುವುದಿಲ್ಲ.

ಪುಸ್ತಕಕ್ಕೆ ಜಾಸ್ತಿ ದುಡ್ಡು ಹಾಕಬೇಡಿ. ಪರೀಕ್ಷೆ ನಡೆಸುವ ಇಟಿಎಸ್‌ನವರೇ ಎರಡು ಪ್ರಾಕ್ಟೀಸ್ ಟೆಸ್ಟ್ ಮತ್ತು ಗಣಿತದ ಒಂದು ಪುನರಾವಲೋಕನವನ್ನು ಉಚಿತವಾಗಿ ಕೊಡುತ್ತಾರೆ. ಎರಡರಲ್ಲಿ ಒಂದು ಟೆಸ್ಟ್ ಮೊದಲ ದಿನಕ್ಕೆ, ಇನ್ನೊಂದು ಪರೀಕ್ಷೆಗೆ ಹತ್ತು ದಿನ ಇರುವಾಗ. ಬೇರು ಗಟ್ಟಿ ಮಾಡಲು ಕರ್ನಾಟಕದ 8, 9, 10ನೇ ತರಗತಿ ಗಣಿತದ ಪಠ್ಯಪುಸ್ತಕ ಸಾಕು. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಸಿಗುತ್ತದೆ. ಮೆಟ್ರೋದಲ್ಲಿ ಒಂಬತ್ತನೇ ಕ್ಲಾಸಿನ ಗಣಿತ ಓದುತ್ತಿದ್ದರೆ ಪಕ್ಕದವರು ಒಂದು ಥರ ನೋಡುತ್ತಾರೆ. ನೋಡಲಿ ಬಿಡಿ.

ಪರೀಕ್ಷೆಯ ಹಿಂದಿನ ದಿನ ನಾನು ಒಂದೂ ಲೆಕ್ಕ ಮಾಡಲಿಲ್ಲ. ತಪ್ಪಿನ ಪುಸ್ತಕವನ್ನು ಮೊದಲ ಪುಟದಿಂದ ಕಾದಂಬರಿ ಓದುವ ಹಾಗೆ ಓದಿದೆ. ನಮ್ಮ ಹುಡುಗಿಯ ಪರೀಕ್ಷೆಗೆ ಇನ್ನು ಐದು ವಾರ ಇದೆ. ಮೊನ್ನೆ ರಾತ್ರಿ ಹತ್ತೂವರೆಗೆ ಮೆಸೇಜ್ ಮಾಡಿದ್ದಳು: ‘ಅತ್ತೆ, ಸೊನ್ನೆ ಮತ್ತೆ ಕೈಕೊಡ್ತು.’ ಪುಟದ ಫೋಟೋ ಕಳಿಸು ಅಂದೆ. ಕಳಿಸಿದಳು. ಕೆಂಪು ಗೆರೆ ಸರಿಯಾದ ಸಾಲಿಗೇ ಹಾಕಿದ್ದಳು, ಪಕ್ಕದಲ್ಲಿ ಎರಡನೇ ಚುಕ್ಕೆಯೂ ಇತ್ತು.